ದಿನಕರನ ಆಯಿಲ್ ಮೀಟರು

ದಿನಕರ ತನ್ನ ಹಳೆಯ ಬೈಕಿಗೆ ಆಯಿಲ್ ಪ್ರೆಶರ್ ಮೀಟರು ಕೂರಿಸಿದ್ದೇ ಎಲ್ಲ ರಗಳೆಗೂ ಮೂಲ. ಭಾವನ ಬೈಕಿನ ಎಂಜಿನ್ ಆಯಿಲ್ ಇಲ್ಲದೆ ನಡುದಾರಿಯಲ್ಲಿ ಜಾಮ್ ಆದ ಕತೆ ಕೇಳಿದ ಮೇಲೆ ಅವನಿಗೆ ಸಮಾಧಾನವಿರಲಿಲ್ಲ. ಮೊಬೈಲಿನಲ್ಲಿ ವಿಡಿಯೊ ನೋಡಿದ, ಮೀಟರು ತರಿಸಿದ, ಒಂದು ಭಾನುವಾರವಿಡೀ ಅಂಗಳದಲ್ಲಿ ಕೂತು ತಾನೇ ಜೋಡಿಸಿದ. ಮೆಕ್ಯಾನಿಕ್ಕಿಗೆ ತೋರಿಸು ಎಂದ ಹೆಂಡತಿ ರಾಜೀವಿಗೆ, ಮೆಕ್ಯಾನಿಕ್ಕುಗಳೂ ಇದೇ ವಿಡಿಯೊ ನೋಡಿಯೇ ಕಲಿಯುವುದು ಎಂದ.

ಶಿರಸಿಯಲ್ಲಿ ಅವರ ಪಕ್ಕದ ಮನೆ ಸಂಗಯ್ಯನದು. ಬನವಾಸಿ ಕಡೆಯಿಂದ ಬಂದು ಬಟ್ಟೆ ಅಂಗಡಿ ಇಟ್ಟವನು. ಬೇಲಿಯ ಮೇಲಿಂದ ಬಗ್ಗಿ ನೋಡಿ, "ಏನ್ರಿ ದಿನಕರ ಅವ್ರ, ಗಾಡಿಗೂ ಬಿಪಿ ನೋಡಾಕ ಹತ್ತಿರೇನು?" ಎಂದ. ತನ್ನ ಸ್ಕೂಟರಿಗೆ ಆಯಿಲ್ ಎಲ್ಲಿ ಹಾಕುತ್ತಾರೆಂಬುದೇ ತನಗೆ ಗೊತ್ತಿಲ್ಲವೆಂದೂ, ಆದರೂ ಅದು ಓಡುತ್ತಿದೆಯೆಂದೂ ಹೆಮ್ಮೆಯಿಂದ ಹೇಳಿಕೊಂಡ. ಅಂದಿನಿಂದ ಓಣಿಯವರೆಲ್ಲ ದಿನಕರನನ್ನು ಕಂಡರೆ, ಇವತ್ತು ಬಿಪಿ ಎಷ್ಟು ಎಂದು ವಿಚಾರಿಸತೊಡಗಿದರು. ದಿನಕರ ಅಷ್ಟೇ ಗಂಭೀರವಾಗಿ ಮೀಟರು ನೋಡಿ ಉತ್ತರ ಕೊಡುತ್ತಿದ್ದ.

ಹೀಗಿರುವಾಗ ರಾಜೀವಿಗೆ ಕಿರವತ್ತಿಯಿಂದ ಕರೆ ಬಂತು. ಅವಳ ಹತ್ತಿರ ಹೊಲಿಗೆ ಕಲಿತ ಪ್ರತಿಭಾ ಅಲ್ಲಿ ಟೇಲರಿಂಗ್ ಅಂಗಡಿ ತೆರೆಯುವವಳಿದ್ದಳು. ರಾಹುಕಾಲಕ್ಕೆ ಮೊದಲು ಟೀಚರೇ ಬಂದು ರಿಬ್ಬನ್ ಕತ್ತರಿಸಬೇಕೆಂದು ಹಟ ಹಿಡಿದಳು. ಜೀವಮಾನವಿಡೀ ಬಟ್ಟೆಯನ್ನೇ ಕತ್ತರಿಸಿದ ರಾಜೀವಿಯನ್ನು ರಿಬ್ಬನ್ ಕತ್ತರಿಸಲು ಯಾರೂ ಕರೆದಿರಲಿಲ್ಲ. ಅವಳು ಕಪಾಟಿನ ತಳದಲ್ಲಿದ್ದ ಜರಿ ಸೀರೆ ಉಟ್ಟು ಬೈಕಿನ ಹಿಂದೆ ಕೂತಳು.

ಯಲ್ಲಾಪುರದ ದಾರಿಯಲ್ಲಿ ಮಂಚಿಕೇರಿ ದಾಟುತ್ತಲೇ, ಊಟ ಮಾಡಿ ಆರಾಮಕುರ್ಚಿಯಲ್ಲಿ ಕೂತವರ ತಲೆಯ ಹಾಗೆ ಮೀಟರಿನ ಮುಳ್ಳು ಮೆಲ್ಲಗೆ ವಾಲಿ ಸೊನ್ನೆಗೆ ಬಂತು. ದಿನಕರ ತಟ್ಟನೆ ಎಂಜಿನ್ ಬಂದ್ ಮಾಡಿ ಬೈಕನ್ನು ಅಂಚಿಗೆ ತಂದ. ಬೈಕು ಚೆನ್ನಾಗಿಯೇ ಓಡುತ್ತಿತ್ತಲ್ಲ ಎಂದು ರಾಜೀವಿ ಕೇಳಿದಳು. ಜಾಮ್ ಆಗುವ ಮೊದಲು ಎಲ್ಲ ಬೈಕುಗಳೂ ಚೆನ್ನಾಗಿಯೇ ಓಡುತ್ತವೆ ಎಂದು ಅವನು ವಿವರಿಸಿದ.

ಅಷ್ಟರಲ್ಲಿ ಹಿಂದಿನಿಂದ ಸಂಗಯ್ಯನ ಸ್ಕೂಟರು ಬಂತು. ಪ್ರತಿಭಾ ಅವನ ಅಂಗಡಿಯ ಗಿರಾಕಿಯಾದ್ದರಿಂದ ಅವನಿಗೂ ಕರೆಯಿತ್ತು. ಅವನು ಮೀಟರಿಗೆ ಬೆರಳಿನಿಂದ ಮೊಟಕಿ, ಕೆಟ್ಟಿದ್ದು ಇದು, ಗಾಡಿಯಲ್ಲ, ಸುಮ್ಮನೆ ಹೊರಡಿರಿ ಎಂದ. ರಸ್ತೆಯಲ್ಲಿ ಹೋಗುವವರಿಬ್ಬರು ನಿಂತು ಅದಕ್ಕೆ ದನಿಗೂಡಿಸಿದರು. ದಿನಕರ ಬೈಕಿನ ಕೀಲಿ ತೆಗೆದು ಕಿಸೆಗೆ ಹಾಕಿಕೊಂಡ.

"ಎಂಜಿನ್ ಹೋದ್ರೆ ಮತ್ತೆ ಬತ್ತಿಲ್ಲೆ. ಆನು ಚಾಲು ಮಾಡ್ತ್ನಿಲ್ಲೆ," ಎಂದ.

"ಮುಹೂರ್ತ ಹೋದ್ರೂ ಬತ್ತಿಲ್ಲೆ," ಎಂದಳು ರಾಜೀವಿ. "ನೀ ನಿನ್ನ ಮುಳ್ಳು ಕಾಯ್ತಾ ಕೂತ್ಕ. ಆನು ಹೋಗ್ತೆ."

ಅವಳು ಸೆರಗು ಸಿಕ್ಕಿಸಿಕೊಂಡು ಸಂಗಯ್ಯನ ಸ್ಕೂಟರು ಹತ್ತಿದಳು. ದಿನಕರ ಬಿಸಿಲಲ್ಲಿ ಕಾದು, ಕೊನೆಗೆ ಕಿರವತ್ತಿಗೆ ಹೋಗುವ ಪಿಕಪ್ ಗಾಡಿಯೊಂದರಲ್ಲಿ ಬೈಕು ಏರಿಸಿ, ಬಿದ್ದೀತೆಂದು ತಾನೂ ಹಿಂದೆ ಅದನ್ನು ಅಪ್ಪಿಕೊಂಡು ನಿಂತ.

ಅವನು ತಲುಪುವಾಗ ರಿಬ್ಬನ್ ಕತ್ತರಿಸಿಯಾಗಿತ್ತು, ಕೇಸರಿಬಾತೂ ಖಾಲಿಯಾಗಿತ್ತು. ಪಿಕಪ್ಪಿನಿಂದ ಇಳಿದ ಬೈಕನ್ನು ನೋಡಿ ಅತಿಥಿಗಳೆಲ್ಲ ಅಂಗಡಿಯಿಂದ ಹೊರಬಂದರು. ಸಂಗಯ್ಯ ಆಗಲೇ ಅವರಿಗೆಲ್ಲ ಬಿಪಿ ಕತೆ ಹೇಳಿ ಮುಗಿಸಿದ್ದ. ದಿನಕರ ಆಯಿಲ್ ಅಳೆಯುವ ಕಡ್ಡಿಯನ್ನು ಎಂಜಿನ್ನಿನಿಂದ ಎಳೆದು ಎತ್ತಿ ಹಿಡಿದ. ತುದಿಯಲ್ಲಿ ಒಂದು ಹನಿಯೂ ಇರಲಿಲ್ಲ.

ಗುಂಪು ಬಗ್ಗಿ ಕಡ್ಡಿಯನ್ನೇ ನೋಡಿತು. ಇನ್ನು ಸ್ವಲ್ಪ ಓಡಿಸಿದ್ದರೆ ಎಂಜಿನ್ ಸುಟ್ಟೇ ಹೋಗುತ್ತಿತ್ತೆಂದು ಯಾರೋ ಹೇಳಿದರು. ಸಂಗಯ್ಯನ ಮುಖ ಸಣ್ಣದಾಯಿತು. ಅವನೇ ಹೋಗಿ ಹೆದ್ದಾರಿ ಪಕ್ಕದ ಅಂಗಡಿಯಿಂದ ಆಯಿಲ್ ಡಬ್ಬಿ ತಂದು, ತಪ್ಪೊಪ್ಪಿಗೆಯ ಹಾಗೆ ದಿನಕರನ ಕೈಗಿಟ್ಟ. ರಾಜೀವಿಯ ಕಣ್ಣಲ್ಲೂ ಗಂಡನ ಬಗ್ಗೆ ಸ್ವಲ್ಪ ಅಭಿಮಾನ ಮೂಡಿತು. ದಿನಕರ ಆಯಿಲ್ ತುಂಬಿಸಿ, ಮುಳ್ಳು ಹೇಗೆ ಮೇಲೇಳುತ್ತದೆಂದು ಹತ್ತಿರ ಬಂದು ನೋಡಲು ಅವಳನ್ನು ಕರೆದು, ಕಿಕ್ ಹೊಡೆದ.

ಮುಳ್ಳು ಎದ್ದಿತು. ಅದರ ಬೆನ್ನಿಗೇ ಮೀಟರಿನ ಬುಡದಿಂದ ಆಯಿಲ್ ಪಿಚಕಾರಿಯಂತೆ ಚಿಮ್ಮಿ ಜರಿ ಸೀರೆಯ ಮೇಲೆ ಉದ್ದಕ್ಕೆ ಗೆರೆ ಎಳೆಯಿತು. ದಿನಕರ ತಟ್ಟನೆ ಎಂಜಿನ್ ಬಂದ್ ಮಾಡಿದ. ಎಂಜಿನ್ನಿನಿಂದ ಮೀಟರಿಗೆ ಆಯಿಲ್ ಒಯ್ಯಲು ದಿನಕರ ಹಾಕಿದ್ದ ಸಪೂರ ಪೈಪಿನ ಜೋಡಣೆ ಮೊದಲೇ ಸಡಿಲಾಗಿದ್ದು, ಪಿಕಪ್ಪಿನ ಕುಲುಕಾಟಕ್ಕೆ ಇನ್ನಷ್ಟು ಬಾಯಿಬಿಟ್ಟಿತ್ತು. ಶಿರಸಿಯಿಂದ ಹೊರಟ ಆಯಿಲೆಲ್ಲ ಸೋರಿಹೋದದ್ದು ಅಲ್ಲಿಂದಲೇ.

ಸಂಗಯ್ಯ ಬಗ್ಗಿ ನೋಡಿದ. ಅವನ ಮುಖ ಮತ್ತೆ ಅಗಲವಾಯಿತು. "ಅಂದ್ರ ಈ ಮೀಟರ್ ಇರದಿದ್ರ ಆಯಿಲ್ ಹೋಗ್ತಿದ್ದಿಲ್ಲ, ಅಲ್ರಿ?"

ದಿನಕರ ಕೈ ಒರೆಸಿಕೊಂಡು ಎದೆಯುಬ್ಬಿಸಿ ನಿಂತ. "ಹೌದು. ಆದರೆ ತನ್ನ ತಪ್ಪನ್ನೂ ಅದು ಮುಚ್ಚಿಡಲಿಲ್ಲ. ಇಷ್ಟು ಪ್ರಾಮಾಣಿಕವಾದದ್ದು ನಿಮ್ಮ ಸ್ಕೂಟರಿನಲ್ಲಿ ಏನಿದೆ, ತೋರಿಸಿ ನೋಡುವ."

ಪ್ರತಿಭಾ ಓಡಿಹೋಗಿ ತಂದ ಬಟ್ಟೆಯಿಂದ ಸೀರೆ ಒರೆಸಿದಷ್ಟೂ ಕಲೆ ಹರಡಿತು. ರಾಜೀವಿ ಹೋಗಿ ಸ್ಕೂಟರಿನ ಹಿಂದೆ ಕೂತಳು. ಪಿಕಪ್ ಹೋಗಿಯಾಗಿತ್ತು. ತಾನು ಹೇಗೆ ಬರಲೆಂದು ದಿನಕರ ಕೇಳಿದ.

"ಅದು ಖರೆ ಹೇಳ್ತು ಅಲ್ದಾ? ಅದನ್ನೇ ಕೇಳು, ಮನೆಗೆ ಹ್ಯಾಂಗೆ ಬಪ್ಪದು ಹೇಳಿ," ಎಂದಳು.

ಸ್ಕೂಟರು ಹೊರಟಿತು. ದಿನಕರ ಮೀಟರಿನತ್ತ ನೋಡಿದ. ಅದು ಎಂದಿನ ಪ್ರಾಮಾಣಿಕತೆಯಿಂದ ಸೊನ್ನೆ ತೋರಿಸಿತು.