ಬಸ್ಸು ಕೆಟ್ಟಿದ್ದೇಕೆಂದು ಅತ್ತೆಗೆ ಗೊತ್ತು

ನಮ್ಮ ಅತ್ತೆಯ ಅರವತ್ತೆಂಟು ವರ್ಷದ ಬದುಕಿನಲ್ಲಿ ಒಂದೇ ಒಂದು ಕೆಟ್ಟದ್ದೂ ನಡೆದಿಲ್ಲ. ಹಾಗಂತ ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಿದ್ದರು. ನಾಯಿ ಕಚ್ಚಿದೆ, ಮನೆಗೆ ಕಳ್ಳ ಬಂದು ಹೋಗಿದ್ದಾನೆ, ಕಾಲು ಮುರಿದಿದೆ, ಹೊಸದಾಗಿ ಹೊದಿಸಿದ ತಗಡಿನ ಶೀಟು ಮೊದಲ ಗಾಳಿಗೇ ಹಾರಿ ಪಕ್ಕದವರ ಹಿತ್ತಲಿಗೆ ಬಿದ್ದಿದೆ. ಇವೆಲ್ಲ ಆಗಿವೆ. ಕೆಟ್ಟದ್ದು ಮಾತ್ರ ಏನೂ ಆಗಿಲ್ಲ!

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಭದ್ರಾವತಿಯ ನ್ಯೂ ಟೌನಿನಲ್ಲಿ ಒಬ್ಬರೇ ಇದ್ದಾರೆ. ಮದುವೆಯಾಗಲಿಲ್ಲ. ಶಾಲೆಯೊಂದರಲ್ಲಿ ಹೊಲಿಗೆ ಟೀಚರಾಗಿದ್ದು ನಿವೃತ್ತರಾದರು. ಭಾನುವಾರ ಚರ್ಚಿನಲ್ಲಿ ಮುಂದಿನಿಂದ ಎರಡನೆಯ ಬೆಂಚು ಅವರದು. ಉಳಿದ ಆರು ದಿನ ದೇವರು ತಮಗೆ ಒಪ್ಪಿಸಿದ ಕೆಲಸಗಳನ್ನು ಮಾಡುತ್ತಾರೆ. ಆ ಕೆಲಸ ಯಾವುದೆಂದು ಅವರಿಗೆ ತಿಳಿಯುವ ರೀತಿ ಮಾತ್ರ ಸ್ವಲ್ಪ ಬೇರೆ. ಏನಾದರೂ ಎಡವಟ್ಟಾದ ಕೂಡಲೇ "ದೇವರಿಗೆ ಸ್ತೋತ್ರ" ಎಂದು ಒಂದು ನಿಮಿಷ ಕಣ್ಣು ಮುಚ್ಚುತ್ತಾರೆ. ಕಣ್ಣು ತೆರೆದ ಮೇಲೆ, ಇದು ಯಾರಿಗೋಸ್ಕರ ಆಗಿರಬಹುದು ಎಂದು ಸುತ್ತಲೂ ನೋಡುತ್ತಾರೆ. ಆ ಹೊತ್ತಿನಲ್ಲಿ ಕೈಯಲ್ಲಿ ಬೆಲೆಬಾಳುವಂಥದ್ದೇನನ್ನಾದರೂ ಹಿಡಿದುಕೊಂಡು ಅವರ ಪಕ್ಕ ನಿಂತಿರುವುದು ಕ್ಷೇಮವಲ್ಲ.

ನನ್ನ ನಿಶ್ಚಿತಾರ್ಥದ ಕೇಕಿನ ವಿಷಯವನ್ನೇ ತೆಗೆದುಕೊಳ್ಳಿ. ಕಾರ್ಯಕ್ರಮ ಶಿವಮೊಗ್ಗದಲ್ಲಿ, ಸವಳಂಗ ರಸ್ತೆಯ ಪಕ್ಕದ ನಮ್ಮ ಮನೆಯಲ್ಲಿ. ಕೇಕಿನ ಜವಾಬ್ದಾರಿಯನ್ನು ಅತ್ತೆ ಹಟ ಮಾಡಿ ವಹಿಸಿಕೊಂಡಿದ್ದರು. ನಾಲ್ಕು ಕೆ.ಜಿ. ಕೇಕು ಮಾಡಿಸಿ, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಭದ್ರಾವತಿಯಿಂದ ಬಸ್ಸು ಹತ್ತಿದ್ದರು. ಹನ್ನೊಂದಕ್ಕೆ ಬರಬೇಕಾದವರು ಒಂದೂವರೆಗೆ ಬಂದರು. ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತಂತೆ. ಬಿಸಿಲಲ್ಲಿ ಎಲ್ಲರೂ ಇಳಿದರಂತೆ. ಹಿಂದಿನಿಂದ ಬಂದ ಬಸ್ಸುಗಳು ತುಂಬಿದ್ದರಿಂದ ನಿಲ್ಲಿಸಲಿಲ್ಲವಂತೆ. ಅಷ್ಟರಲ್ಲಿ ಮುದುಕರೊಬ್ಬರಿಗೆ ತಲೆ ಸುತ್ತು ಬಂತಂತೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಎಂದರಂತೆ. ಒಂದೇ ಒಂದು ತುಂಡು ಕೊಡೋಣ ಎಂದು ಅತ್ತೆ ಡಬ್ಬ ಬಿಚ್ಚಿದರಂತೆ. ಒಬ್ಬರು ತಿನ್ನುವಾಗ ಉಳಿದವರು ನೋಡುತ್ತಾ ನಿಲ್ಲುವುದು ಸರಿಯೇ? ರಸ್ತೆ ಪಕ್ಕದಲ್ಲಿ ಎಳನೀರು ಮಾರುವವನು ತನ್ನ ಮಚ್ಚನ್ನು ತೊಳೆದು ಕೊಟ್ಟನಂತೆ.

ಇಷ್ಟನ್ನೂ ಅತ್ತೆ ನೆರೆದ ನೆಂಟರ ಮುಂದೆ ಬಹಳ ಸಂತೋಷದಿಂದ ಹೇಳಿದರು. ನನ್ನ ಭಾವಿ ಮಾವ ನಿವೃತ್ತ ಮುಖ್ಯೋಪಾಧ್ಯಾಯರು, ಮಿತಭಾಷಿ. ಅವರು ಮೆಲ್ಲಗೆ, "ಹಾಗಾದರೆ ಕೇಕು?" ಎಂದರು. ಅತ್ತೆ ಖಾಲಿ ಡಬ್ಬವನ್ನು ಅವರ ಮುಂದಿಟ್ಟು, "ನಲವತ್ತೆರಡು ಜನ ಹರಸಿದ್ದಾರೆ ಬೀಗರೇ. ಕಂಡಕ್ಟರ್ ಎರಡು ಸಲ ಹರಸಿದ್ದಾನೆ" ಎಂದರು.

ನಾನು ಅವರನ್ನು ಪಕ್ಕಕ್ಕೆ ಕರೆದು ನನ್ನ ಅಸಮಾಧಾನವನ್ನು ತಿಳಿಸಿದೆ. ಅವರಿಗೇನೂ ಬೇಸರವಾಗಲಿಲ್ಲ.

"ಆ ಬಸ್ಸು ದಿನಾ ಓಡಾಡುತ್ತೆ ಮಾರಾಯ. ಕೆಡಬೇಕು ಅಂದ್ರೆ ನಿನ್ನೆ ಕೆಡಬಹುದಿತ್ತು. ನಾಲ್ಕು ಕೆ.ಜಿ. ಕೇಕ್ ಇರೋ ದಿನವೇ ಯಾಕೆ ಕೆಡ್ತು, ನೀನೇ ಹೇಳು."

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಬಸ್ಸು ಕೆಡಲು ಇರುವ ಕಾರಣಗಳು ನನಗೂ ತಕ್ಕಮಟ್ಟಿಗೆ ಗೊತ್ತು. ಅವುಗಳಲ್ಲಿ ಕೇಕು ಇಲ್ಲ. ಕೊನೆಗೆ ಹತ್ತಿರದ ಬೇಕರಿಯಲ್ಲಿ ಉಳಿದಿದ್ದ ಹನಿ ಕೇಕಿನ ಹದಿನಾಲ್ಕು ತುಂಡುಗಳನ್ನು ತಂದು, ಒಂದೇ ಕೇಕಿನಂತೆ ಕಾಣಲೆಂದು ಒತ್ತಾಗಿ ಜೋಡಿಸಿದೆವು. ಮೊದಲೇ ಕತ್ತರಿಸಿದ್ದನ್ನು ಮತ್ತೆ ಕತ್ತರಿಸುವುದು ಎಷ್ಟು ಕಷ್ಟ ಎಂಬುದು ಮಾಡಿದವರಿಗೇ ಗೊತ್ತು. ಫೋಟೋದಲ್ಲಿ ನನ್ನ ಭಾವಿ ಹೆಂಡತಿ ಶೀಲಾ ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಾಳೆ. ತವರು ಬಿಡುವ ದುಃಖಕ್ಕೆ ಹುಡುಗಿ ಅಳುತ್ತಿದ್ದಾಳೆ ಎಂದು ಅವಳ ಕಡೆಯವರು ತಿಳಿದುಕೊಂಡರು.

ನಮ್ಮ ಮದುವೆಯಾದ ವರ್ಷವೇ ಅತ್ತೆಯ ಮನೆಗೆ ಕಳ್ಳ ಬಂದ. ಹಿತ್ತಲಲ್ಲಿ ತೊಳೆದು ಬೋರಲು ಹಾಕಿದ್ದ ಪ್ರೆಷರ್ ಕುಕ್ಕರನ್ನು ಎತ್ತಿಕೊಂಡು ಹೋದ. ಪೊಲೀಸರಿಗೆ ದೂರು ಕೊಡಿಸೋಣ ಎಂದು ಅಪ್ಪ ಸ್ಕೂಟರಿನಲ್ಲಿ ಭದ್ರಾವತಿಗೆ ಹೋದರು. ಹೋಗಿ ನೋಡಿದರೆ ಅತ್ತೆ ಗೇಟಿನ ಬಳಿ ನಿಂತು, ಒಳಗೇ ಉಳಿದಿದ್ದ ಕುಕ್ಕರಿನ ಮುಚ್ಚಳವನ್ನು ಗೇಟಿನ ಸರಳಿಗೆ ದಾರದಿಂದ ಕಟ್ಟುತ್ತಿದ್ದಾರೆ. ಜೊತೆಗೆ ಸೀಟಿ, ಮತ್ತೊಂದು ಹೊಸ ಗ್ಯಾಸ್ಕೆಟ್ಟು.

"ಮುಚ್ಚಳ ಇಲ್ದೆ ಅವನು ಏನ್ ಬೇಯಿಸ್ತಾನೆ, ಪಾಪ" ಎಂದರು ಅತ್ತೆ.

"ಅಕ್ಕ, ಅವನು ಬೇಯಿಸೋಕೆ ತಗೊಂಡು ಹೋಗಿಲ್ಲ. ಗುಜರಿಗೆ ಹಾಕ್ತಾನೆ."

"ಮುಚ್ಚಳ ಸಿಕ್ಕಿದ್ರೆ ಮನಸ್ಸು ಬದಲಾಯಿಸ್ತಾನೆ ಬಿಡು."

ಮೂರನೆಯ ದಿನ ಬೆಳಿಗ್ಗೆ ಮುಚ್ಚಳ ಇರಲಿಲ್ಲ. ಎಲ್ಲೋ ಒಂದು ಮನೆಯಲ್ಲಿ ಬೇಳೆ ಚೆನ್ನಾಗಿ ಬೇಯುತ್ತಿದೆ ಎಂದು ಅತ್ತೆ ನಂಬಿದರು. ಗುಜರಿಯಲ್ಲಿ ತೂಕ ಸ್ವಲ್ಪ ಹೆಚ್ಚಾಗಿರುತ್ತದೆ ಎಂದು ಅಪ್ಪ ನಂಬಿದರು. ಅಕ್ಕತಮ್ಮಂದಿರು ಈ ವಿಷಯದಲ್ಲಿ ಇನ್ನೂ ರಾಜಿಯಾಗಿಲ್ಲ.

ಆಮೇಲಿನ ಮಳೆಗಾಲದಲ್ಲಿ ಅತ್ತೆ ಚರ್ಚಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಎಡಗಾಲು ಮುರಿದುಕೊಂಡರು. ಶಿವಮೊಗ್ಗಕ್ಕೆ ಕರೆತಂದು ಆಸ್ಪತ್ರೆಗೆ ಸೇರಿಸಿದೆವು. ಅಪ್ಪ ಸ್ಪೆಷಲ್ ರೂಮು ಕೇಳಲು ಹೊರಟರೆ ಅತ್ತೆ ಬಿಲ್‌ಕುಲ್ ಒಪ್ಪಲಿಲ್ಲ. ಸ್ಪೆಷಲ್ ರೂಮಿಗೆ ಹೋದರೆ ಕಾಲು ಮುರಿದಿದ್ದೇ ದಂಡ ಎಂದರು. ಜನರಲ್ ವಾರ್ಡಿನಲ್ಲಿ ಪಕ್ಕದ ಹಾಸಿಗೆ ಹೊಳೆಹೊನ್ನೂರಿನ ಅಜ್ಜಿಯೊಬ್ಬರದು. ಸೊಂಟದ ಮೂಳೆ ಮುರಿದಿತ್ತು. ಊಟ ತಂದುಕೊಡಲು ಊರಿನಿಂದ ದಿನಾ ಯಾರೂ ಬರುವಂತಿರಲಿಲ್ಲ. ನಾಳೆಯಿಂದ ಇಬ್ಬರಿಗೆ ಊಟ ತರಬೇಕು ಎಂದು ಅತ್ತೆ ಶೀಲಾಗೆ ಅಪ್ಪಣೆ ಕೊಡಿಸಿದರು. ಮಂಗಳವಾರ ಇಬ್ಬರಿದ್ದವರು ಗುರುವಾರದ ಹೊತ್ತಿಗೆ ಒಂಬತ್ತು ಜನರಾಗಿದ್ದರು. ನಮ್ಮ ಮನೆಯ ಪಾತ್ರೆಗಳು ಸಾಲದೆ ಪಕ್ಕದ ಮನೆಯಿಂದ ದೊಡ್ಡ ಡಬರಿ ತಂದೆವು.

ಒಬ್ಬೊಬ್ಬರದು ಒಂದೊಂದು ಪಥ್ಯ. ನೆನಪಿರಲಿ ಎಂದು ಅತ್ತೆ ಅದನ್ನೆಲ್ಲ ಪೆನ್ನಿನಿಂದ ತಮ್ಮ ಕಾಲಿನ ಪ್ಲಾಸ್ಟರಿನ ಮೇಲೆ ಬರೆದುಕೊಂಡಿದ್ದರು. ಮೂರನೇ ಹಾಸಿಗೆ, ಖಾರ ಬೇಡ. ಐದು, ಮುದ್ದೆಯೇ ಆಗಬೇಕು. ಏಳು, ಸೋಮವಾರ ಒಪ್ಪತ್ತು. ದಿನಾ ಬೆಳಿಗ್ಗೆ ಶೀಲಾ ಅತ್ತೆಯ ಕಾಲು ಓದಿಕೊಂಡು ಬಂದು ಮರುದಿನದ ಅಡುಗೆಗೆ ತಯಾರಾಗುತ್ತಿದ್ದಳು. ಒಂದು ದಿನ ರೌಂಡ್ಸಿಗೆ ಬಂದ ಡಾಕ್ಟರು ಆ ಕಾಲನ್ನು ಬಹಳ ಹೊತ್ತು ನೋಡಿದರು. ಬೈಯುತ್ತಾರೆಂದು ನಾವು ಹೆದರಿ ನಿಂತಿದ್ದೆವು. ಅವರು ಜೇಬಿನಿಂದ ತಮ್ಮ ಪೆನ್ನು ತೆಗೆದು, ಕೆಳಗೆ ಉಳಿದಿದ್ದ ಜಾಗದಲ್ಲಿ "ಎಂಟು, ಸಕ್ಕರೆ ಕಾಯಿಲೆ" ಎಂದು ಬರೆದು ಮುಂದಿನ ಹಾಸಿಗೆಗೆ ಹೋದರು.

ಡಿಸ್ಚಾರ್ಜ್ ಆದ ದಿನ ಅತ್ತೆಯ ಮುಖ ಸಪ್ಪಗಿತ್ತು. ಇಷ್ಟು ಬೇಗ ಕಳಿಸುತ್ತಾರೆ ಎಂದು ಅವರು ಅಂದುಕೊಂಡಿರಲಿಲ್ಲ.

ಮರುವರ್ಷ ಶೀಲಾ ಬಸುರಿಯಾದಳು. ಏಳನೆಯ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು.

ನೋಡಲು ಬಂದವರೆಲ್ಲ ಒಳ್ಳೆಯವರೇ. ಆದರೆ ಬಂದವರೆಲ್ಲ ಒಂದೇ ಮಾತು ಹೇಳಿದರು. ದೇವರ ಚಿತ್ತ ಎಂದರು. ಇದರಲ್ಲೂ ಏನೋ ಒಳ್ಳೆಯದಿರುತ್ತದೆ ಎಂದರು. ಇನ್ನೂ ವಯಸ್ಸಿದೆ ಎಂದರು. ಅವರು ಮಾತು ಶುರು ಮಾಡಿದರೆ ಸಾಕು, ಶೀಲಾ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅವಳು ಅಳಲಿಲ್ಲ, ಸರಿಯಾಗಿ ಊಟ ಮಾಡಲಿಲ್ಲ. ಅತ್ತೆ ಬರುತ್ತೇನೆಂದು ಫೋನು ಮಾಡಿದಾಗ ನನಗೆ ನಿಜವಾಗಿಯೂ ಭಯವಾಯಿತು. ಇಂಥ ಮಾತಿನಲ್ಲಿ ಅವರನ್ನು ಮೀರಿಸುವವರು ಜಿಲ್ಲೆಯಲ್ಲೇ ಇರಲಿಲ್ಲ. ಅವರು ಆಟೋದಿಂದ ಇಳಿದ ಕೂಡಲೇ ನಾನು ಗೇಟಿಗೆ ಹೋಗಿ ಅಡ್ಡ ನಿಂತೆ.

"ಅತ್ತೆ, ಇದು ಯಾತಕ್ಕೋಸ್ಕರ ಆಯ್ತು ಅಂತ ಅವಳಿಗೆ ಹೇಳ್ಬೇಡಿ" ಎಂದೆ.

ಅತ್ತೆ ನನ್ನ ಮುಖ ನೋಡಿದರು. ಬ್ಯಾಗನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಹದಿನೆಂಟು ದಿನ ಇದ್ದರು. ಶೀಲಾಳ ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಕಿಕೊಂಡು ಕೂತಿರುತ್ತಿದ್ದರು. ಅವಳ ತಲೆ ಬಾಚುತ್ತಿದ್ದರು, ಗಂಜಿ ಕುಡಿಸುತ್ತಿದ್ದರು. ಎದೆಯಲ್ಲಿ ಹಾಲು ಕಟ್ಟಿ ಅವಳು ನೋವಿನಿಂದ ಒದ್ದಾಡಿದಾಗ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ನೋಡಲು ಬಂದವರು ದೇವರ ಚಿತ್ತದ ಮಾತು ತೆಗೆದ ತಕ್ಷಣ, ಬನ್ನಿ ಕಾಫಿ ಕುಡಿಯಿರಿ ಎಂದು ಅಡುಗೆಮನೆಗೆ ಕರೆದುಕೊಂಡು ಹೋಗಿ, ಕಾಫಿ ಕುಡಿಸಿ, ಅಲ್ಲಿಂದ ಹಾಗೆಯೇ ಬೀಳ್ಕೊಡುತ್ತಿದ್ದರು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಮಧ್ಯಾಹ್ನ ಶೀಲಾ ತಾನಾಗಿಯೇ ಮಾತಾಡಿದಳು. ನಾನು ಬಾಗಿಲಲ್ಲಿದ್ದೆ.

"ಅತ್ತೆ, ನಿಮಗೆ ಎಲ್ಲಾದಕ್ಕೂ ಕಾರಣ ಗೊತ್ತಾಗುತ್ತಲ್ಲ. ಇದು ಯಾಕಾಯ್ತು?"

ಅತ್ತೆ ಕೈಯಲ್ಲಿದ್ದ ಬಾಚಣಿಗೆಯನ್ನು ಕೆಳಗಿಟ್ಟರು.

"ಗೊತ್ತಿಲ್ಲ ಕಣಮ್ಮ" ಎಂದರು. "ದಿನಾ ಕೇಳ್ತಿದ್ದೀನಿ. ಇನ್ನೂ ಹೇಳಿಲ್ಲ."

ಶೀಲಾ ಮಂಚದಿಂದ ಇಳಿದು ಬಂದು ಅವರ ತೊಡೆಯ ಮೇಲೆ ತಲೆಯಿಟ್ಟಳು. ಅಷ್ಟು ದಿನದಲ್ಲಿ ಮೊದಲ ಸಲ ಜೋರಾಗಿ ಅತ್ತಳು. ಅತ್ತೆಯೂ ಅತ್ತರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ.

ಅಳು ಇಳಿದ ಮೇಲೆ ಅತ್ತೆ ಅವಳ ಕೂದಲನ್ನು ಹಿಂದಕ್ಕೆ ಸವರಿ, "ಮಗುಗೆ ಏನ್ ಹೆಸರಿಡೋಣ ಅಂದ್ಕೊಂಡಿದ್ದೆ?" ಎಂದು ಕೇಳಿದರು. ಅದುವರೆಗೆ ಅದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಶೀಲಾ ಮೆಲ್ಲಗೆ ಹೇಳಿದಳು.

ಆ ಸಂಜೆ ಊಟಕ್ಕೆ ಕೂತಾಗ ಅತ್ತೆ ಎಂದಿನಂತೆ ಪ್ರಾರ್ಥನೆ ಮಾಡಿದರು. ಮನೆಯವರ ಹೆಸರುಗಳನ್ನು ಒಂದೊಂದಾಗಿ ಹೇಳಿ ದೇವರ ಕೈಗೆ ಒಪ್ಪಿಸುವುದು ಅವರ ಪದ್ಧತಿ. ಅಪ್ಪನ ಹೆಸರು ಹೇಳಿದರು, ನನ್ನದು ಹೇಳಿದರು, ಶೀಲಾಳದು ಹೇಳಿದರು. ಆಮೇಲೆ ಮಗುವಿನ ಹೆಸರು ಹೇಳಿದರು.