ಎಡಬಾಗಿಲಿನ ನುಸಿ

ಹಳೇ ಕಾರಿಗೆ ಬಣ್ಣ ಹೊಡೆಯುವವನಿಗೆ ಹೆದರಲು ದಿನಕ್ಕೊಂದು ಹೊಸ ಕಾರಣ ಸಿಗುತ್ತದೆ. ನನಗೆ ಒಂದೇ ಕಾರಿನಲ್ಲಿ ನಾಲ್ಕು ಸಿಕ್ಕವು.

ಶಿಕಾರಿಪುರದಲ್ಲಿ ನನ್ನ ಸೋದರಮಾವನ ಪೇಂಟಿಂಗ್ ಶೆಡ್ ಇದೆ. ಬಿಎಸ್ಸಿ ಮುಗಿಸಿ ಎರಡು ವರ್ಷ ಅಲ್ಲಿ ತಗ್ಗು ತುಂಬುವ ಪುಟ್ಟಿ ತಿಕ್ಕಿದ್ದೆ. ಆನವಟ್ಟಿಯ ಅಕ್ಕಿ ಸಾಹುಕಾರರೊಬ್ಬರು ತಂದೆಯ ಕಾಲದ ಅಂಬಾಸಿಡರ್ ತಂದು ಬಿಟ್ಟು, "ಹೊಸದರಂಗೆ ಆಗ್ಬೇಕ್ರಿ. ನಮ್ಮವ್ವ ನೋಡ್ತಾಳ" ಎಂದರು. ಕೊನೆಯ ಮಾತನ್ನು ಅವರೂ ಹೆದರಿಕೊಂಡೇ ಹೇಳಿದರು.

ಮಾವ ಮೊದಲ ಸಲ ಸ್ಪ್ರೇ ಗನ್ ನನ್ನ ಕೈಗೆ ಕೊಟ್ಟ. "ಆ ಅಜ್ಜಿ ಒಪ್ಪಿದ್ರೆ ಗನ್ ನಿಂದು. ಇಲ್ಲಾಂದ್ರೆ ಇನ್ನೆರಡು ವರ್ಷ ಪುಟ್ಟಿ."

೧. ಮ್ಯಾಗ್ನೆಟ್

ಹಳೇ ಬಣ್ಣದ ಕೆಳಗೆ ತಗಡೆಷ್ಟು, ಪುಟ್ಟಿಯೆಷ್ಟು ಎಂದು ತಿಳಿಯಲು ನಾನು ಮ್ಯಾಗ್ನೆಟ್ ಇಟ್ಟು ನೋಡುತ್ತೇನೆ. ತಗಡಿದ್ದಲ್ಲಿ ಅಂಟುತ್ತದೆ. ಬಾಗಿಲಿಗೆ ಇಟ್ಟೆ, ಬಿತ್ತು. ಮಡ್ಗಾರ್ಡಿಗೆ ಇಟ್ಟೆ, ಬಿತ್ತು. ಡಿಕ್ಕಿಯ ಮೇಲೂ ಬಿತ್ತು. ಪುಟ್ಟಿ ಕೆರೆದರೆ ಕಾರೇ ಉಳಿಯುವುದಿಲ್ಲವೇನೋ!

ತಗಡು ತಟ್ಟುವ ನಮ್ಮ ಟಿಂಕರ್ ಬಂದು ಮ್ಯಾಗ್ನೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹೆದರ್ಬೇಡ ಮಾರಾಯ. ಇದರ ಸೆಲ್ ಹೋಗಿರ್ಬೇಕು."

೨. ಕೆನೆ

ಮೂಲ ಬಣ್ಣ ಯಾವುದೆಂದು ಫೋನಿನಲ್ಲಿ ಕೇಳಿದೆ. ಸಾಹುಕಾರರು ತಾಯಿಯನ್ನು ಕೇಳಿ ಹೇಳಿದರು: "ಎಮ್ಮೆ ಹಾಲಿನ ಕೆನೆ ಬಣ್ಣ ಅಂತ್ರಿ."

ಕೆನೆಯಲ್ಲೂ ಹತ್ತು ಬಗೆ. ಯಾವ ಕೆನೆ ಎಂದು ಮತ್ತೆ ಕೇಳಿದ್ದೇ ತಪ್ಪಾಯಿತು. ಮರುದಿನ ಬಸ್ಸಿನ ಕಂಡಕ್ಟರ್ ಒಂದು ಸ್ಟೀಲ್ ಡಬ್ಬಿ ಇಳಿಸಿ ಹೋದ. ಒಳಗೆ ಅಜ್ಜಿ ಕಳಿಸಿದ ಕೆನೆ. ಇನ್ನು ಸ್ವಲ್ಪವೂ ತಪ್ಪುವಂತಿಲ್ಲ. ಡಬ್ಬಿಯನ್ನು ಬೆಳಕಿನಲ್ಲಿಟ್ಟು, ಶೇಡ್ ಕಾರ್ಡ್ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಡಬ್ಬಿ ಖಾಲಿ. ಟಿಂಕರ್ ರೊಟ್ಟಿ ಮುಗಿಸಿ ಕೈ ತೊಳೆಯುತ್ತಿದ್ದ.

"ಬಣ್ಣ ಹೇಗಿತ್ತು?" ಅಳುವುದೊಂದು ಬಾಕಿ.

"ಬಣ್ಣ ಚೆನ್ನಾಗಿತ್ತು. ಉಪ್ಪು ಬೇಕಿತ್ತು."

ಕೊನೆಗೆ ಹಿಂದಿನ ಸೀಟು ಕಿತ್ತಾಗ, ಬಿಸಿಲು ಕಾಣದ ಅಂಗೈಯಗಲ ಹಳೇ ಬಣ್ಣ ಸಿಕ್ಕಿತು. ನಿಜವಾಗಿಯೂ ಕೆನೆ ಬಣ್ಣವೇ.

೩. ನುಸಿ

ಅದು ಜೋಳ ಒಕ್ಕುವ ಕಾಲ. ತಾಳಗುಂದದ ಕಡೆಯಿಂದ ಗಾಳಿ ಬೀಸಿದರೆ ಧೂಳು. ನೆಲಕ್ಕೆ ನೀರು ಹಾಕಿ, ಸುತ್ತ ಪ್ಲಾಸ್ಟಿಕ್ ಕಟ್ಟಿ, ಉಸಿರು ಬಿಗಿಹಿಡಿದು ಕೊನೆಯ ಹೊಳಪಿನ ಕೋಟ್ ಹೊಡೆದೆ. ಕನ್ನಡಿಯಂತಾಯಿತು. ಅಷ್ಟರಲ್ಲಿ ಒಂದು ನುಸಿ ಬಂದು ಹಿಂದಿನ ಎಡಬಾಗಿಲ ಮೇಲೆ ಕೂತಿತು. ಅಲ್ಲೇ ಉಳಿಯಿತು.

ಚೆನ್ನಾಗಿ ಒಣಗಿದ ಮೇಲೆ ತಿಕ್ಕಿ ತೆಗೆಯಬಹುದು. ಎರಡು ದಿನ ಬೇಕು. ಅಷ್ಟರಲ್ಲಿ ಸಾಹುಕಾರರ ಫೋನು: "ನಾಳೆ ಮುಂಜಾನೆ ದಿನ ಚಲೋ ಐತ್ರಿ. ಅವ್ವನ್ನ ಕರ್ಕೊಂಡು ಬರ್ತೀನಿ."

ಟಿಂಕರ್ ಉಪಾಯ ಹೇಳಿದ: "ಆ ಬದಿನ ಗೋಡೆಗೆ ಒತ್ತಿ ನಿಲ್ಸು. ಯಾರಿಗೂ ಕಾಣಲ್ಲ."

"ಅಜ್ಜಿ ಕೂರೋದೇ ಆ ಬದಿಗಂತೆ. ಹತ್ತೋದು ಹೇಗೆ?"

"ಕಿಟಕಿಯಿಂದ ಹತ್ತಲಿ. ನಾವು ಬಸ್ಸಿಗೆ ಹತ್ತಲ್ವಾ?"

೪. ಬೊಟ್ಟು

ಅಜ್ಜಿ ಬಂದರು. ಹಣೆ ತುಂಬ ವಿಭೂತಿ, ದಪ್ಪ ಕನ್ನಡಕ. ಗೋಡೆಗೆ ಒತ್ತಿ ನಿಲ್ಲಿಸಿದ್ದ ಬದಿ ಬಿಟ್ಟು ಮೂರೂ ಕಡೆ ಬಗ್ಗಿ ಬಗ್ಗಿ ನೋಡಿದರು. ಕೊನೆಗೆ ಕೇಳಿದರು: "ಬಣ್ಣ ಹೊಡೆದಾಂವ ಯಾರು?"

ಶಾಲೆಯಲ್ಲಿ ಎತ್ತಿದಂತೆ ಕೈ ಎತ್ತಿದೆ. ಮಾವ ಒಂದು ಹೆಜ್ಜೆ ಹಿಂದೆ ಸರಿದ.

"ಒಂದು ಕುಂದೂ ಇಲ್ಲಲ್ಲೋ! ಹಿಂಗ ಬೀದಿಗೆ ಬಿಟ್ರೆ ಆನವಟ್ಟಿ ಮುಟ್ಟೂದ್ರೊಳಗ ದೃಷ್ಟಿ ಆಗ್ತೈತಿ. ಒಂದು ಗೀರು ಹಾಕ್ಬೇಕು."

ಮಗನ ಕೈಯಿಂದ ಕೀ ಕಿತ್ತುಕೊಂಡು ಬಾನೆಟ್ಟಿನ ಕಡೆ ನಡೆದೇಬಿಟ್ಟರು. ಬಾಯಿ ತಾನೇ ಕೂಗಿತು: "ಬೇಡ ಅಜ್ಜೀ! ಹಾಕಿದೀನಿ!"

ಮಾವ, ಟಿಂಕರ್, ಸಾಹುಕಾರರು, ನಾನು ನಾಲ್ವರೂ ಸೇರಿ ಗಾಡಿ ತಳ್ಳಿದೆವು. ಎಡಬಾಗಿಲು ತೋರಿಸಿದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು, ನುಸಿಯ ಮೇಲೆ ಉಗುರಾಡಿಸಿ, ಮಗನ ಕಡೆ ತಿರುಗಿದರು.

"ನೋಡು, ಓದಿದ ಹುಡುಗ ಅಂದ್ರೆ ಹಿಂಗಿರ್ಬೇಕು. ಹೇಳೂಕ ಮುಂಚೆನ ದೃಷ್ಟಿಬೊಟ್ಟು ಇಟ್ಟಾನ!"

ಮಾವ ಈಗ ಎರಡು ಹೆಜ್ಜೆ ಮುಂದೆ ಬಂದ. "ನಮ್ಮ ಶೆಡ್ಡಿನ ಪದ್ಧತಿನೇ ಹಾಗೆ, ಅವ್ವಾರೆ."

ಗನ್ ನನ್ನದಾಯಿತು. ಹೆದರಿಕೆ ಹೋಗಿಲ್ಲ. ಹೋದ ವಾರ, ಅಜ್ಜಿಯ ಹೊಗಳಿಕೆ ಕೇಳಿ ಬಂದ ಕುಪ್ಪಗಡ್ಡೆಯವರೊಬ್ಬರ ಹಳೇ ಜೀಪಿಗೆ ಬಣ್ಣ ಹೊಡೆದುಕೊಟ್ಟೆ. ಒಂದು ಧೂಳಿನ ಕಣವೂ ಕೂರದಂತೆ ಕಾದಿದ್ದೆ. ಮರುದಿನವೇ ಜೀಪು ಸಮೇತ ಮುಖ ಗಂಟಿಕ್ಕಿಕೊಂಡು ಬಂದರು.

"ಏನ್ರೀ ಇದು? ಮನೆಮಂದಿಯೆಲ್ಲಾ ಸೇರಿ ಹುಡುಕಿದ್ವಿ. ನಮ್ಮ ಗಾಡಿಗೆ ನುಸಿನೇ ಹಾಕಿಲ್ವಲ್ರೀ!"