ಅವ್ವ ಕೊಟ್ಟ ಹುಳ

ನಮ್ಮವ್ವ ಹೋದ ಮ್ಯಾಲೆ ಅಣ್ಣಗ ಕೊಡಂಬಲ ಊರಿನ ಹೊಲ ಬಂತು, ಅಕ್ಕಗ ಬಂಗಾರದ ಬೋರಮಾಳ ಸರ ಬಂತು. ನನಗ? ಒಂದು ತಾಮ್ರದ ಕೊಡ. ಅದೂ ಸೋರ್ತಿತ್ತು. ಆ ಸಿಟ್ಟಿಗಿ ಅವತ್ತಿನಿಂದ ನನ್ನ ಹೊಟ್ಟಿ ಉರಿಯಾಕತ್ತದ. ಅದರ ಮ್ಯಾಲೆ ಬಾಜೂ ಮನಿ ಮುನ್ನಿ ಬೀ ಸಾಕಿದ ಆಡು ಗ್ವಾಡಿ ಹಾರಿ ಬಂದು ನನ್ನ ಕರಿಬೇವಿನ ಗಿಡ ಬೋಳಿಸಿತು. ಆಕಿ ಜೋಡಿ ಮಾತ ಬಿಟ್ಟೆ, ಉರಿ ಇನ್ನಷ್ಟು ಏರಿತು. ಎದಿ ತನಕ ಹುಳಿ ತೇಗು!

"ನಿಮ್ಮ ತೇಗು ಊರ ಕ್ವಾಟಿ ತನಕ ಕೇಳಾಕತ್ತದ" ಅಂತ ನನ್ನ ಹೆಂಡ್ತಿ ಮೀರಾಬಾಯಿ ನನ್ನನ್ನ ಬಸವಕಲ್ಯಾಣದಿಂದ ಹುಮನಾಬಾದಿನ ಬಸ್ಸಿಗಿ ಹತ್ತಿಸಿದಳು.

ಅಲ್ಲಿ ಡಾಕ್ಟರ್ ಶರಣಕುಮಾರ ನನ್ನ ಗಂಟಲಾಗ ನಳಿಗಿ ಇಳಿಸಿ ಉದರದರ್ಶನ ಮಾಡಿದರು. "ಪಂಡರಿಯವ್ರ, ಹೊಟ್ಟ್ಯಾಗ ಒಂದು ಬ್ಯಾಕ್ಟೀರಿಯಾ ಅದ್ರಿ. ಹೆಲಿಕೋಬ್ಯಾಕ್ಟರ್ ಪೈಲೋರಿ. ಹೊಟ್ಟಿ ಆಮ್ಲದಾಗೂ ಸಾಯಂಗಿಲ್ಲ. ಭಾಳ ಮಂದಿಗಿ ಇರ್ತದ, ಏನೂ ತ್ರಾಸ ಕೊಡಂಗಿಲ್ಲ. ನಿಮಗ ಹುಣ್ಣ ಮಾಡ್ಯದ. ಹಂಗೇ ಬಿಟ್ರ ಮುಂದ ಕ್ಯಾನ್ಸರಿಗೂ ದಾರಿ ಆಗಬಹುದು. ಎರಡು ವಾರ ಗುಳಗಿ ತಗೋರಿ, ಹೋಗ್ತದ."

"ಇದು ಬಂದದ್ದೆಲ್ಲಿಂದ್ರಿ?"

"ಹೆಚ್ಚಾಗಿ ಸಣ್ಣವರಿದ್ದಾಗ ಮನ್ಯಾಗೇ ಬರ್ತದ್ರಿ. ತಾಯಿ ರೊಟ್ಟಿ ಅಗದು ಕೂಸಿನ ಬಾಯಾಗ ಇಡ್ತಾಳಲ್ಲ, ಹಂಗೂ ಬರಬಹುದು."

ನನ್ನ ಕಣ್ಣಾಗ ನೀರು ಬಂತು ನೋಡ್ರಿ! ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ, ಮೆತ್ತಗಿನ ಬೆಚ್ಚಗಿನ ತುತ್ತು, ಅದರಾಗ ಲವಂಗದ ಘಮ. (ಅಷ್ಟು ಸಣ್ಣ ಕೂಸಿಗಿ ನೆನಪಿರ್ತದೇನು ಅಂತ ಕೇಳಬ್ಯಾಡ್ರಿ. ನನಗದ.) ಅಂದ್ರ ಅವ್ವ ನನ್ನ ಬರಿಗೈಲೆ ಬಿಟ್ಟಿದ್ದಿಲ್ಲ. ಹೊಲ ಅಣ್ಣಗ, ಸರ ಅಕ್ಕಗ, ಈ ಚಿರಂಜೀವಿ ಸೂಕ್ಷ್ಮಜೀವಿ ನನಗ!

ಮನಿಗಿ ಬಂದು ಗುಳಗಿ ದೂರ ಸರಿಸಿದೆ. "ಅವ್ವ ಕೊಟ್ಟದ್ದು ಇದೊಂದೇ. ಇದನ್ನ ನನ್ನ ಕೈಯಾರ ಕೊಲ್ಲಲೇನು?"

"ಅತ್ತಿ ಇದ್ದಾಗ ನನ್ನ ಹೊಟ್ಟಿ ಉರಿಸಿದರು, ಹೋದ ಮ್ಯಾಲೆ ನಿಮ್ಮ ಹೊಟ್ಟಿ ಉರಿಸಾಕತ್ತಾರ!" ಅಂತ ಮೀರಾಬಾಯಿ ಶುರು ಮಾಡಿದಳು. ನಾ ಗುಳಗಿ ಇನ್ನೂ ದೂರ ಸರಿಸಿದೆ. ಆಮ್ಯಾಲೆ ಆಕಿ ದನಿ ಸಣ್ಣದಾತು. "ಡಾಕ್ಟರ್ ಕ್ಯಾನ್ಸರ್ ಅಂದಾರ್ರಿ. ನಿಮಗೇನಾರ ಆದ್ರ ನಾ ಯಾರ ಜೋಡಿ ಜಗಳಾ ಆಡ್ಲಿ?" ಸೆರಗಿಲೆ ಕಣ್ಣು ಒರಸ್ಕೊಂಡು ಹುಮನಾಬಾದಿನ್ಯಾಗಿರೋ ನಮ್ಮಕ್ಕಗ ಫೋನ್ ಹಚ್ಚಿದಳು. "ಅಕ್ಕಾ, ನಿಮ್ಮ ತಮ್ಮಗ ನೀವರೆ ಬುದ್ಧಿ ಹೇಳ್ರಿ."

ಎಲ್ಲಾ ಕೇಳಿ ಅಕ್ಕ ಫೋನಿನ್ಯಾಗ ಬಿದ್ದು ಬಿದ್ದು ನಕ್ಕಳು. "ಏ ಹುಚ್ಚಪ್ಪ! ನೀ ತುತ್ತು ಉಣ್ಣಾಕ ಶುರು ಮಾಡಿದಾಗ ಅವ್ವಗ ದವಡಿ ಬಾತು ಭಾಳ ದಿನ ಬಾಯಿ ತೆರಿಯಾಕ ಬರ್ತಿದ್ದಿಲ್ಲ. ಆಕಿನೇ ಗಂಜಿ ಕುಡಿತಿದ್ದಳು. ನಿನಗ ರೊಟ್ಟಿ ಅಗದು ಉಣಿಸಿದಾಕಿ ಬಾಜೂ ಮನಿ ಮುನ್ನಿ ಬೀ!"

ಆಡಿನ ಮುನ್ನಿ ಬೀ? ಸಿಟ್ಟಿಲೆ ಎದ್ದು ಆಕಿ ಮನಿ ಮುಂದ ಹೋಗಿ ನಿಂತೆ. ಮುದುಕಿ ಕಟ್ಟಿ ಮ್ಯಾಲೆ ಕುಂತು ರೊಟ್ಟಿ ಮುರದು ಹಾಲಾಗ ನೆನೆಸಾಕತ್ತಿದ್ದಳು.

"ಖಾಲಾ, ನನ್ನ ಹೊಟ್ಟಿಗಿ ಹುಳ ಕೊಟ್ಟಾಕಿ ನೀನೇ ಏನು?"

"ಹುಳ ಗಿಳ ಗೊತ್ತಿಲ್ಲ ಬೇಟಾ, ರೊಟ್ಟಿ ಕೊಟ್ಟೀನಿ" ಅಂದಳು. "ನೀ ಏನ್ ಕಮ್ಮಿ ಇದ್ದಿ? ಬರೇ ರೊಟ್ಟಿ ಉಗುಳ್ತಿದ್ದಿ. ಅದಕ್ಕ ಬಾಯಾಗ ಲವಂಗ ಇಟ್ಕೊಂಡು ಅಗಿತಿದ್ದೆ. ನಿಮ್ಮವ್ವ ಬಾಜೂಕ ಕುಂತು, ನನ್ನ ಕೂಸಿಗಿ ನಾ ಉಣಿಸಲಾರದಂಗ ಆತಲ್ಲ ಮುನ್ನಿ ಅಂತ ಅಳ್ತಿದ್ದಳು."

ಆಕಿ ಬಾಯಿಂದ ಈಗೂ ಅದೇ ಲವಂಗದ ಘಮ ಬಂತು. ಜಗಳಾ ಮಾಡಾಕ ಬಂದಾಂವ ಅಲ್ಲೇ ಕಟ್ಟಿ ಮ್ಯಾಲೆ ಕುಂತು ಅತ್ತೇಬಿಟ್ಟೆ.

"ಅಳಬ್ಯಾಡ ಪಂಡರ್ಯಾ" ಅಂತ ಆಕಿ ಒಣ ರೊಟ್ಟಿ ಒಂದು ತುಂಡು ನನ್ನ ಕೈಯಾಗ ಇಟ್ಟಳು. "ನನಗೀಗ ಹಲ್ಲಿಲ್ಲ. ಹಾಲಾಗ ನೆನೆಸಿದ್ರ ರುಚಿ ಹೋಗ್ತದ. ಈಗ ನಿನ್ನ ಪಾಳಿ. ಅಗಿ."

ನಗ್ತಾಳೇನು ಅಂತ ಮಾರಿ ನೋಡಿದೆ. ನಗಲಿಲ್ಲ. ಬಾಯಿ ತೆಕ್ಕೊಂಡು ಕಾಯಾಕತ್ತಿದ್ದಳು.

ಗ್ವಾಡಿ ಮ್ಯಾಲಿಂದ ಮೀರಾಬಾಯಿ ಒದರಿದಳು. "ಅಗದೀರಿ ಮತ್ತ! ಮುದುಕಿಗಿ ಹುಳ ಹಚ್ಚತೀರೇನು? ಮೊದಲ ಗುಳಗಿ!"

ನನ್ನ ಜೀವಕ್ಕಂದ್ರ ನುಂಗದ ಗುಳಗಿ ಮುನ್ನಿ ಬೀ ರೊಟ್ಟಿ ಸಲುವಾಗಿ ಒಂದೂ ಬಿಡದಂಗ ನುಂಗಿದೆ. ದಿನಾ ಗ್ವಾಡಿ ಆಚೆಯಿಂದ ಒಂದೇ ವಿಚಾರಣಿ: "ಮುಗಿದ್ವೇನೋ? ನನಗ ಹಸಿವ್ಯಾಗ್ಯದ!" ಆಮ್ಯಾಲೆ ಮತ್ತೊಮ್ಮೆ ತಪಾಸ ಮಾಡಿ, ಹುಳ ಹೋತ್ರಿ ಅಂದರು ಡಾಕ್ಟರು. ಉರಿ ಇಲ್ಲ, ತೇಗಿಲ್ಲ. ಒಂದೀಟು ಹೊಟ್ಟಿ ಖಾಲಿ ಖಾಲಿ ಅನಸ್ತದ, ಅಷ್ಟೇ.

ಕರಿಬೇವಿನ ಗಿಡ ಮತ್ತ ಚಿಗುರ್ಯದ. ಆಡು ದಿನಾ ಗ್ವಾಡಿ ಹಾರಿ ಬಂದು ನನ್ನ ಕಣ್ಣ ಮುಂದೇ ಮೇಯ್ತದ. "ಏನರೆ ಅನ್ರಿ!" ಅಂತ ಮೀರಾಬಾಯಿ ಒದರ್ತಾಳ. ಹ್ಯಾಂಗ ಅನ್ಲಿ? ನನ್ನ ಬಾಯಿ ತುಂಬ ಮುನ್ನಿ ಬೀ ರೊಟ್ಟಿ ಅದ.